ಅಲ್ಲಾಡದ ತಲೆಗಳು

ಸ್ಪಂಜಿನ ಇನ್ನೊಂದು ತುಂಡನ್ನು ರೋಗಿಯ ಎಡಗಿವಿಯ ಪಕ್ಕಕ್ಕೆ ತುರುಕಲು ಹೋದ ಅವಳ ಕೈ ಅಲ್ಲೇ ನಿಂತುಬಿಟ್ಟಿತು. ರೋಗಿ ಈಜು ಕಲಿಸುವ ಟೀಚರು. ಕೊಳಕ್ಕೆ ಇಳಿದು ತಿಂಗಳುಗಳಾದವು, ಈಗ ನೀರು ನೋಡಿದರೇ ಸುಸ್ತು ಎಂದು ಬಟ್ಟೆ ಬದಲಿಸುವಾಗ ಗೋಡೆಗೆ ಹೇಳಿದ ಹಾಗೆ ಹೇಳಿದ್ದರು. ಈಗ ಎಮ್ಮಾರೈ ಯಂತ್ರದ ಹಲಗೆಯ ಮೇಲೆ ಅಂಗಾತ ಮಲಗಿ, ಮುಖದ ಮೇಲೆ ಇಳಿಯಲಿರುವ ಪ್ಲಾಸ್ಟಿಕ್ಕಿನ ಪಂಜರವನ್ನೇ ನೋಡುತ್ತಿದ್ದಾರೆ. ಅವರ ತಲೆಯ ಎರಡೂ ಕಡೆ ಸ್ಪಂಜು, ಸ್ಪಂಜಿನ ಮೇಲೆ ಸ್ಪಂಜು, ಕತ್ತಿನ ಕೆಳಗೆ ಸುರುಳಿ ಸುತ್ತಿದ ಟವೆಲು, ಮೊಣಕಾಲಡಿಗೆ ದಿಂಬು, ಎದೆಯವರೆಗೆ ಕಂಬಳಿ. ಇಷ್ಟೆಲ್ಲ ಯಾವಾಗ ಮಾಡಿದೆ ತಾನು? ಮಾತಾಡುತ್ತ ಮಾತಾಡುತ್ತ ಕೈ ತನ್ನ ಪಾಡಿಗೆ ಮಾಡಿಕೊಂಡು ಹೋಗಿತ್ತು. ಆರೋಗ್ಯವಂತರು ಬಂದರೆ ಆ ಕಡೆ ಒಂದು, ಈ ಕಡೆ ಒಂದು ತುಂಡು ಇಟ್ಟು, "ಅಲ್ಲಾಡಬೇಡಿ ಆಯ್ತಾ" ಎಂದು ಹೇಳಿ ಹೊರಗೆ ನಡೆಯುವ ಕೈ ಇದೇ. ಖಿನ್ನತೆಯವರು ಬಂದರೆ ಮಾತ್ರ ಪಾಪ, ಚಳಿಯಾಗುತ್ತೇನೋ, ಕತ್ತು ನೋಯುತ್ತೇನೋ ಎಂದು ತವರಿಗೆ ಬಂದ ಮಗಳಿಗೆ ಹಾಸಿಗೆ ಹಾಸಿದ ಹಾಗೆ ಹಾಸುತ್ತದೆ. ಅಯ್ಯೋ ದೇವರೇ, ಎಂದುಕೊಂಡಳು. ನಿನ್ನೆ ಸಂಜೆಯಿಂದ ಯಾರನ್ನು ಹುಡುಕುತ್ತಿದ್ದಳೋ ಆ ಕಳ್ಳ ಇಲ್ಲೇ, ಮಣಿಕಟ್ಟಿನ ತುದಿಯಲ್ಲೇ ಇದ್ದಾನೆ. "ಏನಾದ್ರೂ ತೊಂದ್ರೆನಾ?" ಎಂದು ಟೀಚರು ಕೇಳಿದರು. "ಏನಿಲ್ಲ, ಆರಾಮಾಗಿ ಮಲಗಿ," ಎಂದು ಆ ತುಂಡನ್ನೂ ತುರುಕಿ, ಪಂಜರ ಇಳಿಸಿದಳು. ಇಟ್ಟ ಸ್ಪಂಜನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ನಿನ್ನೆ ಸಂಜೆ ಕಂಡದ್ದು ಒಂದು ಸಣ್ಣ ಗ್ರಾಫು. ಅಧ್ಯಯನದ ಮೊದಲ ಸುತ್ತಿನ ಪ್ರಬಂಧ ಮುಗಿದಿತ್ತು, ಮುಂದಿನ ವಾರ ಸಂಶೋಧನಾ ಪತ್ರಿಕೆಗೆ ಹೋಗಬೇಕು, ಕೊನೆಯ ಪುಟಕ್ಕೆ ಇರಲಿ ಎಂದು ಯಾರ ತಲೆ ಎಷ್ಟು ಅಲ್ಲಾಡಿದೆ ಎಂಬುದನ್ನು ಬಿಡಿಸಿ ನೋಡಿದ್ದಳು. ಯಾರದ್ದೂ ಮಿತಿ ದಾಟಿರಲಿಲ್ಲ. ಆದರೆ ಎರಡು ಗುಂಪುಗಳು ಎರಡು ಗುಡ್ಡೆಗಳಾಗಿ ಬೇರೆಬೇರೆ ನಿಂತಿದ್ದವು. ಖಿನ್ನತೆಯವರು ಕಲ್ಲಿನ ಹಾಗೆ ಮಲಗಿದ್ದರು, ಆರೋಗ್ಯವಂತರು ಕೂದಲೆಳೆಯಷ್ಟು ಅಲ್ಲಾಡುತ್ತ ಇದ್ದರು. ಕೂದಲೆಳೆ ಎಂದರೆ ಹೊರಗಿನವರು ನಕ್ಕಾರು. ಈ ಕೆಲಸದಲ್ಲಿ ಅದು ಸಾಕು. ಮನುಷ್ಯ ಏನೂ ಮಾಡದೆ ಸುಮ್ಮನೆ ಬಿದ್ದುಕೊಂಡಾಗ ತನ್ನ ಬಗ್ಗೆಯೇ ಯೋಚಿಸುವ ಜಾಲವೊಂದು ಮಿದುಳಿನಲ್ಲಿದೆ. ಹಣೆಯ ಹಿಂದಿನ ಭಾಗವೂ ಹಿಂದಲೆಯ ಭಾಗವೂ ಜೊತೆಯಾಗಿ ಏರುತ್ತವೆ, ಜೊತೆಯಾಗಿ ಇಳಿಯುತ್ತವೆ. ಖಿನ್ನತೆಯವರಲ್ಲಿ ಈ ನಂಟು ಬಿಗಿ, ಬಿಡಿಸಿಕೊಳ್ಳಲಾಗದಷ್ಟು ಬಿಗಿ ಎಂಬುದೇ ಅವಳ ಪ್ರಬಂಧದ ತಿರುಳು. ತಲೆ ಒಂಚೂರು ಅಲುಗಿದರೂ ದೂರದ ಭಾಗಗಳ ನಂಟು ಇದ್ದದ್ದಕ್ಕಿಂತ ಸಡಿಲವಾಗಿ ಕಾಣುತ್ತದೆ. ಅಂದರೆ ಆರೋಗ್ಯವಂತರ ನಂಟು ನಿಜವಾಗಿ ಸಡಿಲವಿತ್ತೋ, ಅವರು ಅಲ್ಲಾಡಿದ್ದಕ್ಕೆ ಹಾಗೆ ಕಂಡಿತೋ? ಅಲುಗಿದ ಕ್ಷಣಗಳನ್ನೆಲ್ಲ ಕಿತ್ತುಹಾಕಿ ಲೆಕ್ಕವನ್ನು ಮತ್ತೆ ಓಡಿಸಿದಳು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಎರಡು ಗುಂಪೂ ಒಂದೇ. ಖಿನ್ನತೆಯವರು ಆರೋಗ್ಯವಂತರಿಗಿಂತ ಕಡಿಮೆ ಅಲ್ಲಾಡುವುದಾದರೂ ಏಕೆ, ಬೇರೆಲ್ಲ ಅಧ್ಯಯನಗಳಲ್ಲೂ ಅವರೇ ಹೆಚ್ಚು ಹೊರಳಾಡುತ್ತಾರಲ್ಲ ಎಂಬುದೊಂದು ಪ್ರಶ್ನೆ ಬಗೆಹರಿಯದೆ ಮನೆಗೆ ಹೋಗಿದ್ದಳು. ಈಗ ಅದೂ ಬಗೆಹರಿಯಿತು. ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತು ಗಾಜಿನಾಚೆ ಈಜಿನ ಟೀಚರ ಎರಡು ಪಾದಗಳನ್ನು ನೋಡುತ್ತಿದ್ದಾಗ ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಪ್ರಬಂಧದ ತುಂಬ ಖಿನ್ನತೆ ಎಂದು ಬರೆದ ಕಡೆಯಲ್ಲೆಲ್ಲ ಸ್ಪಂಜು ಎಂದು ತಿದ್ದಿದರೆ ಸರಿಹೋಗುತ್ತದೆ.

ಖಿನ್ನತೆಯವರ ಗುಂಪಿನಲ್ಲಿ ಅವಳ ಸ್ವಂತ ಅಕ್ಕನೂ ಇದ್ದಳು. ಅಕ್ಕನ ತಲೆಗೆ ಎಷ್ಟು ತುರುಕಿದ್ದೆ? ನೆನಪು ಮಾಡಿಕೊಳ್ಳುವುದೇ ಬೇಕಿರಲಿಲ್ಲ, ಬೆರಳುಗಳಿಗೆ ನೆನಪಿತ್ತು. ಅಕ್ಕನದು ಸಣ್ಣ ತಲೆ, ಪಂಜರದಲ್ಲಿ ಜಾಗ ಬಹಳ ಉಳಿಯುತ್ತದೆ. ಡಬ್ಬಿಯಲ್ಲಿದ್ದ ಸ್ಪಂಜೆಲ್ಲ ಖಾಲಿಯಾಗಿತ್ತು. ನೆಂಟರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದೇ ಎಂದು ಅವಳು ಹಿಂಜರಿದಾಗ ವಿಭಾಗದ ಮುಖ್ಯಸ್ಥರು, ಎಲ್ಲರೂ ಬೆನ್ನ ಹಿಂದೆ ದೊಡ್ಡವರು ಎಂದು ಕರೆಯುವ ಮನುಷ್ಯ, "ಅಕ್ಕ ಆದ್ರೇನ್ರೀ, ಮಿದುಳಿಗೇನು ನೆಂಟಸ್ತಿಕೆ ಗೊತ್ತಾ?" ಎಂದು ನಕ್ಕಿದ್ದರು. ಅಕ್ಕ ಕೊಳವೆಯೊಳಗೆ ಹೋದಳು, ಬಂದಳು, ಏನೂ ಕೇಳಲಿಲ್ಲ. ಆ ದಿನಗಳಲ್ಲಿ ಅಕ್ಕ ಏನನ್ನೂ ಕೇಳುತ್ತಿರಲಿಲ್ಲ. ಭಾವನ ಬಾಯಿ ಮಾತ್ರ ಬಿಡುವಿಲ್ಲದೆ ಆಡುತ್ತಿತ್ತು. "ಮನಸ್ಸು ಮಾಡಿದ್ರೆ ಏಳ್ಬಹುದು. ಮನಸ್ಸು ಮಾಡಲ್ಲ. ಮೈಗಳ್ಳತನಕ್ಕೆ ಈಗ ಒಳ್ಳೊಳ್ಳೆ ಹೆಸರು ಬಂದಿವೆ." ಮನೆಗೆ ಬಂದವರೆದುರೂ ಹಾಗೇ. ಒಂದು ಭಾನುವಾರ ಯಾರೋ ಬಂದಿದ್ದಾಗ, "ನಮ್ಮನೆಯಲ್ಲಿ ಒಂದು ಸೋಫಾ ಜಾಸ್ತಿ ಇದೆ, ಉಸಿರಾಡುತ್ತೆ ಅಷ್ಟೆ," ಎಂದು ಭಾವ ಹೇಳಿದರು, ಬಂದವರು ನಕ್ಕರು, ಅಕ್ಕನೂ ತುಟಿ ಅಗಲಿಸಿದಳು. ಅಕ್ಕ ತುಟಿ ಅಗಲಿಸಿದ್ದನ್ನು ನೋಡಿದವಳು ಮುಂದಿನ ವಾರ ಎರಡು ಚಿತ್ರಗಳನ್ನು ಒಂದೇ ಕಾಗದದಲ್ಲಿ ಅಚ್ಚು ಹಾಕಿಸಿಕೊಂಡು ಹೋದಳು. ಎಡಕ್ಕೆ ಆರೋಗ್ಯವಂತರ ಸರಾಸರಿ, ತೆಳ್ಳಗಿನ ಗೆರೆಗಳು. ಬಲಕ್ಕೆ ಅಕ್ಕ, ದಪ್ಪ ಕೆಂಪು ಹಗ್ಗಗಳು. "ನೋಡಿ ಭಾವ. ಸೋಮಾರಿತನ ಎಲ್ಲಿದೆ ತೋರಿಸಿ ಇದ್ರಲ್ಲಿ." ಒಬ್ಬರ ಚಿತ್ರದಿಂದ ಒಬ್ಬರ ಬಗ್ಗೆ ಏನನ್ನೂ ಹೇಳಲಾಗದು, ನೂರಾರು ಜನರನ್ನು ಒಟ್ಟು ಸೇರಿಸಿದರಷ್ಟೇ ಏನಾದರೂ ಕಾಣಬಹುದು ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಬಾಯಿಪಾಠ ಮಾಡಿಸುವವಳು ಅವಳೇ. ಆ ಭಾನುವಾರ ಅದೆಲ್ಲ ಗೊತ್ತಿದ್ದೇ ತೋರಿಸಿದಳು. ಆಶ್ಚರ್ಯವೆಂದರೆ ಭಾವ ನಂಬಿಬಿಟ್ಟರು. ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾಯಿತು. "ಛೆ, ನಂಗೆ ಗೊತ್ತೇ ಇರ್ಲಿಲ್ವಲ್ಲೇ," ಎಂದು ಅಕ್ಕನ ಭುಜ ಮುಟ್ಟಿದರು. ಅಂದಿನಿಂದ ಒಂದು ಬಿರುಸು ಮಾತಿಲ್ಲ.

ಮಧ್ಯಾಹ್ನದ ಪಾಳಿಗೆ ಬಂದವನು ಬೀಗ ರಿಪೇರಿ ಮಾಡುವವನು, ಆರೋಗ್ಯವಂತರ ಗುಂಪಿನವನು, ಬಾಯಿಬಡುಕ. ಅವನ ತಲೆಗೂ ಅವಳು ಹಾಗೇ ತುರುಕಿದಳು, ಒಂದು ತುಂಡೂ ಕಡಿಮೆ ಮಾಡದೆ. ಟವೆಲು, ದಿಂಬು, ಕಂಬಳಿ, ಎಲ್ಲ. "ಏನ್ ಮೇಡಂ, ಗಾಜಿನ ಸಾಮಾನು ಪಾರ್ಸೆಲ್ ಮಾಡ್ತಿದ್ದೀರಾ?" ಎಂದ. "ಹೂಂ, ಒಡೆದ್ರೆ ನಾನೇ ತುಂಬಿಕೊಡ್ಬೇಕಲ್ಲ," ಎಂದಳು. ಯಂತ್ರ ಬಡಿಯತೊಡಗಿತು. ಪರದೆಯ ಮೂಲೆಯಲ್ಲಿ ತಲೆಯ ಚಲನೆಯ ಗೆರೆ ಹೊರಟಿತು, ಹೊರಟದ್ದು ಹಾಗೇ ನೆಟ್ಟಗೆ, ಆಚೀಚೆ ನೋಡದೆ ಹೋಯಿತು. ಯಂತ್ರ ನಡೆಸುವ ಟೆಕ್ನೀಷಿಯನ್ ತಿಂಡಿ ಡಬ್ಬಿ ಮುಚ್ಚುತ್ತ, "ಇವತ್ತೇನು ಮೇಡಂ, ಆಸಾಮಿ ಹೆಣದ ಥರ ಬಿದ್ಕೊಂಡಿದ್ದಾನೆ. ಕಳೆದ ಸಲ ಇವನೇ ಅಲ್ವಾ ಮೀನಿನ ಥರ ಒದ್ದಾಡಿದ್ದು?" ಎಂದ. ಅವಳು ಹೌದು ಎಂದಳು. ಒಬ್ಬನಿಂದ ಏನೂ ಸಾಬೀತಾಗದು, ಸರಿ. ಆದರೆ ಅವಳಿಗೆ ಇನ್ನು ಅನುಮಾನ ಉಳಿಯಲಿಲ್ಲ, ಅನುಮಾನ ಹೋದ ಮೇಲೆ ಹೆದರಿಕೆಯೂ ಅರ್ಧ ಹೋಯಿತು. ಮೊದಲು ದೊಡ್ಡವರು, ಆಮೇಲೆ ಭಾವ. ನಾಳೆ ಎಂದರೆ ನಾಳೆಗೊಂದು ನಾಳೆ ಹುಟ್ಟುತ್ತದೆ, ಇವತ್ತೇ ಹೇಳಬೇಕು.

ದೊಡ್ಡವರು ಗ್ರಾಫನ್ನು ಒಮ್ಮೆ ನೋಡಿ ಮೇಜಿನ ಮೇಲೆ ಮಗುಚಿಟ್ಟರು. ಅವರ ಕೋಣೆಯಲ್ಲಿ ಭೇಟಿಗಾರರ ಕುರ್ಚಿ ಸ್ವಲ್ಪ ತಗ್ಗು. ಕೂತವರ ಗಲ್ಲ ಮೇಜಿನ ಅಂಚಿಗೆ ಬರುತ್ತದೆ, ಪ್ರತಿಸಲವೂ ಅವಳು ಶಾಲೆಯ ಹುಡುಗಿಯಾಗಿಬಿಡುತ್ತಾಳೆ. ಇವತ್ತು ನಿಂತೇ ಇದ್ದಳು. "ಮಿತಿ ದಾಟಿದವರು ಯಾರಾದ್ರೂ ಇದ್ದಾರಾ?" ಎಂದು ಅವರು ಕೇಳಿದರು.

"ಇಲ್ಲ ಸಾರ್."

"ಮತ್ತೇನ್ರೀ ನಿಮ್ಮ ಗೋಳು? ಲೋಕವೆಲ್ಲ ಇದೇ ಮಿತಿ ಹಾಕ್ಕೊಂಡು ಬರೀತಿದೆ."

"ಲೋಕವೆಲ್ಲ ಸ್ಪಂಜನ್ನ ನನ್ನ ಥರ ತುರುಕಲ್ಲ ಸಾರ್. ಆ ಗುಂಪಿಗೆ ಒಂದು ಥರ, ಈ ಗುಂಪಿಗೆ ಒಂದು ಥರ. ನಾವು ಅಳೆದಿದ್ದು ಮಿದುಳನ್ನಲ್ಲ, ನನ್ನ ಕೈಯನ್ನ."

ಅವರು ಜೋರಾಗಿ ನಕ್ಕರು, ಆಮೇಲೆ ನಗು ಒಂದೇ ಸಲಕ್ಕೆ ನಿಂತಿತು. "ಕೈಗೆ ಬಂದ ತುತ್ತು ಬಾಯಿಗೆ ಬರಬಾರದು ಅಂತ ಪಣ ತೊಟ್ಟಿದ್ದೀರಾ? ನಿಮ್ಮಕ್ಕನ್ನ ಸೇರಿಸ್ಕೊಳ್ಳಿ ಅಂದಿದ್ದೇ ನನ್ನ ತಪ್ಪು ನೋಡಿ. ಮನೆ ದುಃಖ ಲ್ಯಾಬಿಗೆ ಬಂದ್ರೆ ಹೀಗೇ ಆಗೋದು." ಅವಳ ಕಿವಿ ಬಿಸಿಯಾಯಿತು. ಬಾಗಿಲು ತೆರೆದೇ ಇತ್ತು, ಹೊರಗಿನ ಹಾಲಿನಲ್ಲಿ ಟೈಪು ಮಾಡುತ್ತಿದ್ದ ಕೀಲಿಗಳ ಸದ್ದು ನಿಂತದ್ದು ಕೇಳಿಸಿತು. ಮನೆ ದುಃಖ. ಈ ವಿಷಯಕ್ಕೆ ಕೈ ಹಾಕಿದ್ದೇ ಮನೆಯಿಂದ ತಾನೇ? ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಅಷ್ಟು ಚುಚ್ಚಿತು. ಅವಳು ಮೇಜಿನ ಮೇಲಿನ ಕಾಗದವನ್ನು ತಿರುಗಿಸಿ ಗ್ರಾಫು ಮೇಲೆ ಬರುವಂತೆ ಇಟ್ಟಳು. "ಪ್ರಬಂಧ ಹೀಗೇ ಹೋದ್ರೆ, ನಾನು ಇದನ್ನೂ ಪತ್ರಿಕೆಯವರಿಗೆ ಕಳಿಸ್ತೀನಿ ಸಾರ್."

"ಹೆದರಿಸ್ತಿದ್ದೀರಾ?"

"ಇಲ್ಲ. ಮುಂಚೆನೇ ಹೇಳ್ತಿದ್ದೀನಿ ಅಷ್ಟೆ."

ದೊಡ್ಡವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಕನ್ನಡಕವಿಲ್ಲದ ಅವರ ಮುಖ ಇದ್ದಕ್ಕಿದ್ದಂತೆ ವಯಸ್ಸಾದ, ದಾರಿ ಕೇಳುವ ಮನುಷ್ಯನ ಮುಖವಾಯಿತು, ಅವಳಿಗೆ ಕನಿಕರ ಹುಟ್ಟಿತು, ಕನಿಕರಕ್ಕೆ ಬಗ್ಗಬಾರದು ಎಂದು ಹಲ್ಲು ಕಚ್ಚಿದಳು. ಕನಿಕರದಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು. "ಎಲ್ಲರನ್ನೂ ಮತ್ತೆ ಮಲಗಿಸ್ಬೇಕಲ್ರೀ," ಎಂದರು ಕೊನೆಗೆ, ಅರ್ಧ ತಮಗೆ ತಾವೇ. "ಮಲಗಿಸೋಣ ಸಾರ್, ಒಂದೇ ಥರ ಮಲಗಿಸೋಣ." "ಆಮೇಲೂ ಏನೂ ಸಿಗದಿದ್ರೆ?" "ಏನೂ ಸಿಗ್ಲಿಲ್ಲ ಅಂತ ಬರೆಯೋಣ." "ಅದನ್ನ ಯಾರ್ರೀ ಓದ್ತಾರೆ?" ಎಂದು ಕನ್ನಡಕ ಏರಿಸಿಕೊಂಡು ಅವರು ಬೇರೇನೋ ಹುಡುಕುವವರಂತೆ ಡ್ರಾಯರ್ ಎಳೆದರು. ಹೋಗಬಹುದು ಎಂದು ಅರ್ಥ, ಆಗಲಿ ಎಂದೂ ಅರ್ಥ. ಹಾಲಿನಲ್ಲಿ ಎಲ್ಲರೂ ಪರದೆಗಳೊಳಗೆ ತಲೆ ತೂರಿಸಿಕೊಂಡಿದ್ದರು. ಒಬ್ಬರೂ ಕತ್ತೆತ್ತಲಿಲ್ಲ. ಒಂದು ಕಪ್ಪು ಚಹಾ ಕುಡಿಯುವ ಆಸೆಯಾಗಿತ್ತು, ಕುಡಿಯದೆಯೇ ಹೊರಟಳು.

ಬಸ್ಸಿನಲ್ಲಿ ನಿಂತುಕೊಂಡು, ಮೇಲಿನ ಸರಳನ್ನು ಹಿಡಿದು, ಭಾವನಿಗೆ ಹೇಗೆ ಹೇಳುವುದು ಎಂದು ಜೋಡಿಸುತ್ತ ಹೋದಳು. ಪ್ರತಿ ಸಲವೂ ಮಾತು ಒಂದು ಕಡೆಗೆ ಬಂದು ನಿಲ್ಲುತ್ತಿತ್ತು. ಭಾವ, ಆ ಚಿತ್ರ ತಪ್ಪು. ಅದರ ಮುಂದೆ ಭಾವನ ಹಳೆಯ ದನಿ ಕೇಳಿಸುತ್ತಿತ್ತು. ಹೇಳದಿದ್ದರೆ ಏನು ಗಂಟು ಹೋಗುತ್ತದೆ, ಎಂದು ಒಳಗೆ ಯಾರೋ ಬುದ್ಧಿವಂತರು ಕೇಳಿದರು. ಪತ್ರಿಕೆಗೆ ಸತ್ಯ ಹೇಳು, ಮನೆಗೆ ಸುಳ್ಳು ಇರಲಿ. ಒಂದು ಕಾಗದದ ತುಂಡಿನಿಂದ ಒಂದು ಹೆಂಗಸು ನೆಮ್ಮದಿಯಾಗಿ ಉಸಿರಾಡುತ್ತಿದ್ದಾಳೆ, ಅದನ್ನು ಕಿತ್ತುಕೊಳ್ಳಲು ನೀನು ಯಾವ ದೊಡ್ಡ ಮನುಷ್ಯಳು? ಬೆಳಿಗ್ಗೆ ಟೀಚರ ಕಿವಿಯ ಪಕ್ಕದ ತುಂಡನ್ನು ಕೀಳಲಾಗದ ಅದೇ ಕೈ ಈಗಲೂ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಆದರೆ ಭಾವ ಒಂದಲ್ಲ ಒಂದು ದಿನ ಎಲ್ಲಾದರೂ ಓದುತ್ತಾರೆ, ಯಾರಾದರೂ ಹೇಳುತ್ತಾರೆ, ಆಗ ಅವರ ಕೋಪಕ್ಕೆ ಸಿಗುವುದು ತಾನಲ್ಲ, ಅಕ್ಕ. ಅಕ್ಕನ ಮರ್ಯಾದೆ ತಾನು ತುರುಕಿದ ಸ್ಪಂಜಿನ ಮೇಲೆ ನಿಂತಿರಬಾರದು. ಅದಕ್ಕೆ ಬೇರೆ ನೆಲ ಸಿಗಲೇಬೇಕು, ಸಿಗದಿದ್ದರೆ ಜಗಳವಾಡಿಯಾದರೂ ಗಿಟ್ಟಿಸಬೇಕು. ಹೀಗೆ ಅಂದುಕೊಳ್ಳುತ್ತ ಇಳಿಯುವ ನಿಲ್ದಾಣ ದಾಟಿ ಹೋಗಿ, ಮುಂದಿನದರಲ್ಲಿ ಇಳಿದು, ತನ್ನನ್ನೇ ಬೈದುಕೊಂಡು ಹಿಂದಕ್ಕೆ ನಡೆದಳು.

ಭಾವನದು ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿ ಇಬ್ಬರದೂ, ಭಾವ ಗಿರಾಕಿಗಳ ಕಣ್ಣು ನೋಡುವುದು, ಅಕ್ಕ ಒಳಗಿನ ಕೋಣೆಯಲ್ಲಿ ಲೆನ್ಸನ್ನು ಫ್ರೇಮಿಗೆ ಸರಿಯಾಗಿ ಉಜ್ಜಿ ಕೂರಿಸುವುದು. ಕಾಯಿಲೆ ಬಿದ್ದ ಮೇಲೆ ಉಜ್ಜುವ ಕೆಲಸ ಹೊರಗೆ ಹೋಗುತ್ತಿದೆ. ಅವಳು ಬಂದಾಗ ಭಾವ ಒಬ್ಬ ಮುದುಕರನ್ನು ಕೂರಿಸಿಕೊಂಡು, "ಇದು ಚೆನ್ನಾಗಿ ಕಾಣುತ್ತಾ, ಇದಾ? ಇದಾ, ಮೊದಲಿನದಾ?" ಎಂದು ಗಾಜು ಬದಲಿಸುತ್ತಿದ್ದರು. ಅವರ ಹಿಂದೆ, ಅಕ್ಷರಗಳ ಪಟ್ಟಿಯ ಪಕ್ಕದಲ್ಲೇ, ಪ್ಲಾಸ್ಟಿಕ್ ಹಾಕಿಸಿದ ಆ ಚಿತ್ರ. "ಬಂದ್ಯಾ? ಇವಳೇ ನೋಡಿ ಅದನ್ನ ತೆಗೆದವಳು, ನಮ್ಮ ನಾದಿನಿ," ಎಂದು ಭಾವ ಮುದುಕರಿಗೆ ಹೆಮ್ಮೆಯಿಂದ ತೋರಿಸಿದರು. ಅಳತೆಯ ಕನ್ನಡಕ ಹಾಕಿಕೊಂಡಿದ್ದ ಮುದುಕರು ಅವಳ ಕಡೆಗೂ ಚಿತ್ರದ ಕಡೆಗೂ ತಿರುಗಿ, ಎರಡೂ ಮಸುಕು ಎಂದರು. ಅವಳು ಮೆಟ್ಟಿಲು ಹತ್ತಿದಳು. ಅಕ್ಕ ಕಿಟಕಿಯ ಬಳಿ ಕೂತಿದ್ದಳು, ತಲೆ ಬಾಚಿಕೊಂಡಿದ್ದಳು, ಇವತ್ತು ಪರವಾಗಿಲ್ಲದ ದಿನ. "ಯಾಕೆ ಮುಖ ಹೀಗಿದೆ?" ಎಂದಳು. ಹೇಳುವುದರೊಳಗೆ ಭಾವ ಮುದುಕರನ್ನು ಕಳಿಸಿ, ಚಹಾದ ಟ್ರೇ ಹಿಡಿದು ಮೇಲೆ ಬಂದರು. ಅಕ್ಕನ ಲೋಟವನ್ನು ಊದಿ ಊದಿ ಆರಿಸಿ, ಅವಳ ಎರಡೂ ಕೈಗಳ ನಡುವೆ ಇಟ್ಟು, ಬೆರಳುಗಳನ್ನು ಮಡಿಸಿಕೊಟ್ಟು, ನಾದಿನಿಯ ಕಡೆ ತಿರುಗಿದರು. "ನಿಂಗೆ ಹೇಳೋದೇ ಮರೆತೆ. ಆ ಲೆನ್ಸ್ ಉಜ್ಜೋ ಯಂತ್ರಕ್ಕೆ ಗಿರಾಕಿ ಸಿಕ್ಕಿದ್ದಾನೆ, ಭಾನುವಾರ ಬಂದು ನೋಡ್ತಾನೆ. ಸುಮ್ನೆ ಧೂಳು ಹಿಡೀತಿದೆ. ಇವಳ ಕೈಲಿ ಇನ್ನು ಆಗೋ ಮಾತಾ ಅದು? ಮಿದುಳೇ ಹಾಗಿದೆಯಲ್ಲ, ಪಾಪ." ಅಕ್ಕ ಲೋಟದೊಳಗೆ ನೋಡುತ್ತಿದ್ದಳು.

"ಭಾವ, ಆ ಚಿತ್ರ ತಪ್ಪು," ಎಂದಳು ಅವಳು. ಜೋಡಿಸಿಕೊಂಡು ಬಂದದ್ದೆಲ್ಲ ಬಿದ್ದುಹೋಗಿತ್ತು. "ಕೈ ನಡುಗಿದ್ರೆ ಫೋಟೋ ಕೆಡುತ್ತಲ್ಲ, ಹಾಗೇ ಇದೂ. ಅಕ್ಕನ ತಲೆ ಅಲ್ಲಾಡದ ಹಾಗೆ ನಾನು ಬಿಗಿಯಾಗಿ ಒತ್ತಿ ಇಟ್ಟಿದ್ದೆ, ಬೇರೆಯವರದ್ದು ಹಾಗೆ ಇಡ್ಲಿಲ್ಲ, ಅವರ ಗೆರೆ ತೆಳ್ಳಗೆ ಬಂತು. ಆ ಕೆಂಪು ಗೆರೆ ಬಂದಿದ್ದು ಅದರಿಂದ, ಕಾಯಿಲೆಯಿಂದ ಅಲ್ಲ. ಇವತ್ತು ಗೊತ್ತಾಯ್ತು. ಅದೂ ಅಲ್ದೆ ಒಬ್ಬರ ಚಿತ್ರ ತೋರಿಸಿ ಹಾಗೆಲ್ಲ ಹೇಳೋ ಹಾಗೇ ಇಲ್ಲ, ಅದು ನಂಗೆ ಆವತ್ತೇ ಗೊತ್ತಿತ್ತು." ಭಾವ ಟ್ರೇಯನ್ನು ಹಿಡಿದೇ ನಿಂತಿದ್ದರು. ಅವರ ಮುಖ ಮೊದಲು ನಗಲು ಹೊರಟಿತು, ಆಮೇಲೆ ಕೆಂಪಾಯಿತು. ಗಿರಾಕಿಗಳಿಗೆಲ್ಲ ತೋರಿಸಿದ್ದಾರಲ್ಲ, ಬೀದಿಗೆಲ್ಲ. "ಹಾಗಾದ್ರೆ," ಎಂದರು, ಹಳೆಯ ದನಿ ಎಲ್ಲಿಗೂ ಹೋಗಿರಲಿಲ್ಲ, ನಾಲಿಗೆಯ ಕೆಳಗೇ ಇತ್ತು, "ಹಾಗಾದ್ರೆ ಇವಳಿಗೆ ಏನೂ ಆಗಿಲ್ಲ ಅಂತಾಯ್ತು. ಇಷ್ಟು ದಿನ ನನ್ನ ಮಂಗ ಮಾಡಿದ್ರಿ ಅಕ್ಕ ತಂಗಿ ಸೇರ್ಕೊಂಡು."

"ಆಗಿದೆ. ಚಿತ್ರ ತಪ್ಪಾದ್ರೆ ನೋವು ತಪ್ಪಾಗುತ್ತಾ ಭಾವ? ನಿಮಗೆ ಹಲ್ಲು ನೋವು ಬಂದಾಗ ನಾವು ಚಿತ್ರ ಕೇಳಿದ್ವಾ?"

"ಮತ್ತೆ ನಂಗೆ ಹೇಗೆ ಗೊತ್ತಾಗ್ಬೇಕು? ಯಾರನ್ನ ಕೇಳ್ಬೇಕು?"

"ನನ್ನ," ಎಂದಳು ಅಕ್ಕ.

ಇಬ್ಬರೂ ತಿರುಗಿದರು. ಅಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು. ಅವಳ ಕತ್ತಿನ ನರ ಎದ್ದಿತ್ತು. ಅಕ್ಕನಿಗೆ ಸಿಟ್ಟು ಬಂದು ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪಾಗಲಿಲ್ಲ. "ನನ್ನ ಕೇಳಿ ಅಂತಿದ್ದೀನಿ. ಮೊದಲು ಸೋಮಾರಿ ಅಂತಿದ್ರಿ. ಬೈದಾದ್ರೂ ನನ್ನ ಜೊತೆ ಮಾತಾಡ್ತಿದ್ರಿ. ಆ ಹಾಳು ಚಿತ್ರ ಬಂದ ಮೇಲೆ ಅದರ ಜೊತೆ ಮಾತು, ನನಗೆ ಬರೀ ಚಹಾ. ನನ್ನ ಯಂತ್ರ ಮಾರ್ತೀರಿ, ನನ್ನ ಒಂದು ಮಾತು ಕೇಳಲ್ಲ. ಕೆಟ್ಟು ನಿಂತ ಗಡಿಯಾರನ ಯಾರಾದ್ರೂ ಟೈಮ್ ಕೇಳ್ತಾರಾ, ಅಲ್ವಾ?" ಭಾವ ಬಾಯಿ ತೆರೆದರು. "ಇರಿ. ನೀನೂ ಅಷ್ಟೆ ಕಣೇ," ಎಂದು ಅಕ್ಕ ಅವಳ ಕಡೆಗೆ ತಿರುಗಿದಳು, "ಅಷ್ಟು ಓದಿದೀಯ, ಒಂದು ದಿನ ಇಲ್ಲಿ ಕೂತು ಏನಾಗ್ತಿದೆ ಅಕ್ಕ ಅಂತ ಕೇಳಿದ್ಯಾ? ನೆಟ್ಟಗೆ ಕರ್ಕೊಂಡು ಹೋಗಿ ಆ ಕೊಳವೆಯೊಳಗೆ ತಳ್ಳಿದೆ." ಪ್ರಶ್ನಾವಳಿ ತುಂಬಿಸಿದ್ದೆನಲ್ಲ, ನಿದ್ದೆ ಹೇಗೆ, ಹಸಿವು ಹೇಗೆ, ಸೊನ್ನೆಯಿಂದ ಮೂರರವರೆಗೆ, ಎಂದು ಹೇಳಲು ಹೋದವಳು ಬಾಯಿ ಮುಚ್ಚಿಕೊಂಡಳು. ಕೇಳಿರಲಿಲ್ಲ. ನಿಜವಾಗಿ ಕೇಳಿರಲೇ ಇಲ್ಲ. ಮನಸ್ಸಿಗೆ ಬಹಳ ನೋವಾಯಿತು, ಆದರೂ ಅಕ್ಕನ ಸಿಟ್ಟು ನೋಡಿ ಎಲ್ಲೋ ಒಂದು ಮೂಲೆಯಲ್ಲಿ ಕುಣಿಯಬೇಕೆನ್ನಿಸಿತು.

ಭಾವ ಟ್ರೇಯನ್ನು ಎಲ್ಲಿಡುವುದೆಂದು ತಿಳಿಯದೆ ಬಗಲಿಗೆ ಸಿಕ್ಕಿಸಿಕೊಂಡರು. ಗಿರಾಕಿಯ ಕಣ್ಣಿಗೆ ಗಾಜು ಬದಲಿಸುವಾಗಿನ ದನಿ ಇರಲಿಲ್ಲ, ಬೈಯುವ ದನಿಯೂ ಇರಲಿಲ್ಲ. ಆ ಬಾಯಿಗೆ ಅಭ್ಯಾಸವಿಲ್ಲದ ಒಂದು ದನಿ. "ಏನಾಗುತ್ತೆ ನಿಂಗೆ?" ಎಂದರು.

"ನಿಂತ್ಕೊಂಡು ಕೇಳೋದಲ್ಲ ಅದು," ಎಂದಳು ಅಕ್ಕ. "ಬೇಗ ಮುಗಿಯಲ್ಲ. ಮಧ್ಯೆ ಬುದ್ಧಿ ಹೇಳ್ಬಾರ್ದು."

ಕೆಳಗೆ ಅಂಗಡಿಯ ಬಾಗಿಲ ಗಂಟೆ ಆಡಿತು. "ಯಾರಿದ್ದೀರಾ?" ಎಂದು ಯಾರೋ ಕೂಗಿದರು. ಭಾವ ಮೆಟ್ಟಿಲ ಕಡೆ ಎರಡು ಹೆಜ್ಜೆ ಹಾಕಿ, ಅಕ್ಕನನ್ನು ನೋಡಿ, ವಾಪಸು ಬಂದು ಅವಳೆದುರಿನ ಕುರ್ಚಿಯಲ್ಲಿ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತಂಗಿ ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಕೆಳಗಿನವರು ಇನ್ನೊಂದು ಸಲ ಕೂಗಿದರು.

"ಬೆಳಿಗ್ಗೆ ಎಚ್ಚರ ಆಗುತ್ತಲ್ಲ," ಎಂದು ಅಕ್ಕ ಶುರು ಮಾಡಿದಳು.